ಥಾಮಸ್ ಪೇನ್: ಸೆಕ್ಯುಲರ್ ವಾದಕ್ಕೂ ರ‍್ಯಾಡಿಕಲ್ ರಾಜಕಾರಣಕ್ಕೂ ಅವನು ನಿಜವಾಗಿ ಕೊಟ್ಟದ್ದೇನು?

ಓದುಬಳಗ (ಪ್ರಶ್ನೆ):

ಓದುಗರ ಬಳಗದ ಮುಂದಿನ ಸಭೆಗೆ ಇಂಗ್ಲೆಂಡಿನಲ್ಲಿ ಹುಟ್ಟಿದ ರಾಜಕೀಯ ಲೇಖಕ ಥಾಮಸ್ ಪೇನ್ (1737–1809) ಬಗ್ಗೆ ಟಿಪ್ಪಣಿ ತಯಾರಾಗಬೇಕಿದೆ. ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.

ಪರಿಚಯ ಲೇಖನಗಳೆಲ್ಲ 'ಕಾಮನ್ ಸೆನ್ಸ್' ಎಂಬ ಕಿರುಪುಸ್ತಕ ಬರೆದು ಅಮೆರಿಕದ ಸ್ವಾತಂತ್ರ್ಯಕ್ಕೆ ದಾರಿಮಾಡಿದ ಅನ್ನುವಲ್ಲಿಗೆ ಮುಗಿದುಹೋಗುತ್ತವೆ. ಅದರಾಚೆ ಗೊಂದಲ ಇದೆ. ಕೆಲವರು ನಾಸ್ತಿಕ ಅನ್ನುತ್ತಾರೆ, ಕೆಲವರು ದೇವರನ್ನು ನಂಬಿದ್ದ ಅನ್ನುತ್ತಾರೆ. ಚರ್ಚು ಬೇರೆ, ಸರ್ಕಾರ ಬೇರೆ ಅನ್ನುವುದನ್ನು ಕಾನೂನು ಮಾಡಿದವರು ಅಮೆರಿಕದ ನಾಯಕರಾದ ಜೆಫರ್ಸನ್ ಮತ್ತು ಮ್ಯಾಡಿಸನ್. ಹಾಗಿದ್ದಮೇಲೆ ಅದರಲ್ಲಿ ಪೇನ್ ಪಾಲೇನು? ರ‍್ಯಾಡಿಕಲ್ ಅನ್ನುವುದು ಬರೀ ರಾಜರನ್ನು ವಿರೋಧಿಸಿದ್ದಕ್ಕಾ, ಇಲ್ಲ ಆಸ್ತಿ, ತೆರಿಗೆ ವಿಷಯದಲ್ಲೂ ಏನಾದರೂ ಹೇಳಿದ್ದಾನಾ? ಕೊನೆಗೆ, ಜ್ಯೋತಿಬಾ ಫುಲೆಯವರು ಪೇನ್‌ನನ್ನು ಓದಿದ್ದರು ಎಂಬ ಮಾತಿಗೆ ಎಷ್ಟು ಆಧಾರವಿದೆ?

ಅಚ್ಚುಮೊಳೆ:

ನಾಸ್ತಿಕ ಅನ್ನುವುದನ್ನು ಮೊದಲು ತೆಗೆದುಹಾಕಿ. 'ಏಜ್ ಆಫ್ ರೀಸನ್' ಮೊದಲ ಭಾಗದ (1794) ಆರಂಭದಲ್ಲೇ ಪೇನ್ ತನ್ನ ನಂಬಿಕೆ ಹೇಳಿಕೊಳ್ಳುತ್ತಾನೆ: ದೇವರು ಒಬ್ಬನೇ, ಈ ಬದುಕಿನಾಚೆಗೂ ಸುಖ ಸಿಕ್ಕೀತೆಂಬ ಆಸೆ ನನಗಿದೆ. ಯಾವ ಚರ್ಚಿನ ಮತವೂ ಬೇಡ, ನನ್ನ ಮನಸ್ಸೇ ನನ್ನ ಚರ್ಚು ಅನ್ನುವುದು ಅದೇ ಪುಟಗಳಲ್ಲಿ ಬರುತ್ತದೆ. ಇಂಥವರನ್ನು ಆಗ ಡೀಯಿಸ್ಟ್ ಅನ್ನುತ್ತಿದ್ದರು: ಸೃಷ್ಟಿಕರ್ತ ಉಂಟು, ಅವನ ಹೆಸರಿನ ಶಾಸ್ತ್ರಗ್ರಂಥ ಮತ್ತು ಪುರೋಹಿತಶಾಹಿ ಒಪ್ಪುವಂಥದ್ದಲ್ಲ. ಆ ಪುಸ್ತಕ ಹುಟ್ಟಿದ್ದು 1793ರ ಪ್ಯಾರಿಸ್‌ನಲ್ಲಿ. ಚರ್ಚುಗಳನ್ನು ಮುಚ್ಚಿಸುವ ಅಲೆ ಎದ್ದಿದ್ದ ಹೊತ್ತು ಅದು. ಫ್ರೆಂಚ್ ಜನ ನಾಸ್ತಿಕತೆಯ ಕಡೆ ದಡಬಡನೆ ಓಡುತ್ತಿದ್ದರು, ಅದನ್ನು ತಡೆಯಲೆಂದೇ ಬರೆದೆ ಎಂದು 1803ರಲ್ಲಿ ಅಮೆರಿಕದ ನಾಯಕ ಸ್ಯಾಮ್ಯುಯೆಲ್ ಆಡಮ್ಸ್‌ಗೆ ಬರೆದ ಪತ್ರದಲ್ಲಿ ಪೇನ್ ಹೇಳುತ್ತಾನೆ. ಅಂಥವನನ್ನೇ ಥಿಯೊಡೋರ್ ರೂಸ್ವೆಲ್ಟ್ ಮುಂದೆ 'ಕೊಳಕು ಪುಟ್ಟ ನಾಸ್ತಿಕ' ಎಂದು ಕರೆದ. ಆ ಹಣೆಪಟ್ಟಿ ಇವತ್ತಿಗೂ ಪೂರ್ತಿ ಕಳಚಿಲ್ಲ.

ಅವನ ಮುಖ್ಯ ವಾದ ಸರಳ. ದೇವರು ಒಬ್ಬನಿಗೆ ನೇರವಾಗಿ ಏನೋ ತಿಳಿಸಿದನೆಂದೇ ಇಟ್ಟುಕೊಳ್ಳಿ. ಆ ಒಬ್ಬನಿಗೆ ಅದು ದೇವವಾಣಿ. ಅವನು ಇನ್ನೊಬ್ಬನಿಗೆ, ಆ ಇನ್ನೊಬ್ಬ ಮತ್ತೊಬ್ಬನಿಗೆ ಹೇಳಿದ ಮೇಲೆ ಅದು ಬರೀ ಕೇಳಿದ ಮಾತು, ಅದನ್ನು ನಂಬಲೇಬೇಕೆಂಬ ಕಟ್ಟುಪಾಡು ಕೇಳಿದವನಿಗೆ ಇಲ್ಲ. ಕೇಳಿದ ಮಾತಿನ ಮೇಲೆ ಸರ್ಕಾರ ಕಾನೂನು ಮಾಡುವಂತಿಲ್ಲ ಎಂಬ ತೀರ್ಮಾನ ಇದರಿಂದ ತಾನಾಗಿಯೇ ಬರುತ್ತದೆ. ಸೆಕ್ಯುಲರ್ ವಾದಕ್ಕೆ ಪೇನ್ ಹಾಕಿಕೊಟ್ಟ ತಳಪಾಯ ಇದೇ ಎಂದು ನನ್ನ ಅಭಿಪ್ರಾಯ.

ಎರಡನೆಯ ಭಾಗದಲ್ಲಿ (1795) ಪೇನ್ ಬೈಬಲನ್ನು ಒಬ್ಬ ವಕೀಲ ಆಸ್ತಿಪತ್ರ ನೋಡುವ ಹಾಗೆ ನೋಡುತ್ತಾನೆ. ಮೊದಲ ಐದು ಪುಸ್ತಕಗಳನ್ನು ಮೋಶೆಯೇ ಬರೆದನೆಂಬುದು ಆಗಿನ ನಂಬಿಕೆ. ಧರ್ಮೋಪದೇಶಕಾಂಡ 34ನೇ ಅಧ್ಯಾಯ ತೆಗೆಯಿರಿ ಅನ್ನುತ್ತಾನೆ ಪೇನ್: ಮೋಶೆ ಸತ್ತದ್ದು, ಹೂತದ್ದು, ಅವನ ಸಮಾಧಿ ಎಲ್ಲಿದೆಯೋ ಈವರೆಗೂ ಯಾರಿಗೂ ಗೊತ್ತಿಲ್ಲ ಎಂಬುದು, ಎಲ್ಲವೂ ಅಲ್ಲೇ ಇದೆ. ಆದಿಕಾಂಡ 14ರಲ್ಲಿ ಅಬ್ರಹಾಮ ಶತ್ರುಗಳನ್ನು ದಾನ್ ಊರಿನ ತನಕ ಅಟ್ಟಿಸಿಕೊಂಡು ಹೋದನೆಂದಿದೆ. ಆ ಊರಿಗೆ ದಾನ್ ಎಂಬ ಹೆಸರು ಬಿದ್ದದ್ದು 'ನ್ಯಾಯಸ್ಥಾಪಕರು' ಪುಸ್ತಕದ 18ನೇ ಅಧ್ಯಾಯದಲ್ಲಿ, ಮೋಶೆ ಸತ್ತು ಬಹಳ ಕಾಲ ಕಳೆದ ಮೇಲೆ. ದಾವೀದನಿಂದ ಯೇಸುವಿನ ತನಕ ಮತ್ತಾಯನ ಸುವಾರ್ತೆಯ ಲೆಕ್ಕದಲ್ಲಿ 28 ತಲೆಮಾರು, ಲೂಕನ ಸುವಾರ್ತೆಯ ಲೆಕ್ಕದಲ್ಲಿ 43. ಎರಡೂ ವಂಶಾವಳಿಗಳನ್ನು ಅಕ್ಕಪಕ್ಕ ಅಚ್ಚು ಹಾಕಿಸಿ, ದಾವೀದ ಮತ್ತು ಯೋಸೇಫ ಬಿಟ್ಟರೆ ಒಂದು ಹೆಸರೂ ಕೂಡಿಬರುವುದಿಲ್ಲ ಅನ್ನುತ್ತಾನೆ. ಇಲ್ಲಿ ಅವನು ಅವಸರಪಟ್ಟಿದ್ದಾನೆ, ಶೆಯಲ್ತಿಯೇಲ ಮತ್ತು ಜೆರುಬ್ಬಾಬೆಲ ಎರಡು ಕಡೆಯೂ ಇದ್ದಾರೆ. ನಿಮ್ಮ ಸಭೆಯಲ್ಲಿ ಬೈಬಲ್ ಚೆನ್ನಾಗಿ ಓದಿದವರಿದ್ದರೆ ಇದನ್ನೇ ಹಿಡಿದುಕೊಳ್ಳುತ್ತಾರೆ, ಮೊದಲೇ ಗೊತ್ತಿರಲಿ.

ಇಂಥ ಪ್ರಶ್ನೆಗಳನ್ನು ಡಚ್ ತತ್ವಜ್ಞಾನಿ ಸ್ಪಿನೋಜಾ 1670ರಲ್ಲೇ ಲ್ಯಾಟಿನ್‌ನಲ್ಲಿ ಎತ್ತಿದ್ದ. ಪಂಡಿತರಿಗೆ ಗೊತ್ತಿದ್ದದ್ದನ್ನು ಚಮ್ಮಾರ, ನೇಕಾರ, ಅಚ್ಚುಕೂಟದ ಆಳು ಓದುವ ಇಂಗ್ಲಿಷಿನಲ್ಲಿ ಬರೆದದ್ದು ಪೇನ್.

ಈಗ ಸಹಿಷ್ಣುತೆ. ಫ್ರೆಂಚ್ ಕ್ರಾಂತಿಯ ಪರವಾಗಿ ಪೇನ್ ಬರೆದ 'ರೈಟ್ಸ್ ಆಫ್ ಮ್ಯಾನ್' ಮೊದಲ ಭಾಗದಲ್ಲಿ (1791) ಒಂದು ಪ್ಯಾರಾ ಇದೆ, ಟಿಪ್ಪಣಿಯಲ್ಲಿ ಒಂದನ್ನೇ ಉದ್ಧರಿಸುವುದಾದರೆ ಅದನ್ನು ಉದ್ಧರಿಸಿ. ಸಹಿಷ್ಣುತೆ ಎಂಬುದು ಅಸಹಿಷ್ಣುತೆಗೆ ವಿರುದ್ಧವಲ್ಲ, ಅದರದೇ ನಕಲು, ಎರಡೂ ದಬ್ಬಾಳಿಕೆಯೇ. ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ತಡೆಹಿಡಿಯುವ ಹಕ್ಕು ತನಗಿದೆ ಅನ್ನುತ್ತದೆ ಒಂದು, ದಯಪಾಲಿಸುವ ಹಕ್ಕು ತನಗಿದೆ ಅನ್ನುತ್ತದೆ ಇನ್ನೊಂದು. ಆಗಿನ ಇಂಗ್ಲೆಂಡಿನಲ್ಲಿ 1689ರ ಸಹಿಷ್ಣುತಾ ಕಾಯ್ದೆ ಇತ್ತು, ಕ್ಯಾಥೊಲಿಕರು ಅದರ ಹೊರಗೆ. ಸರ್ಕಾರಿ ಹುದ್ದೆ ಬೇಕಿದ್ದರೆ ಆಂಗ್ಲಿಕನ್ ಚರ್ಚಿನಲ್ಲಿ ಪ್ರಸಾದ ತೆಗೆದುಕೊಂಡಿರಬೇಕೆಂಬ ನಿಯಮ 1828ರ ತನಕ ನಡೆಯಿತು. ಪೇನ್‌ನ ಅಪ್ಪ ಕ್ವೇಕರ್, ಅಂದರೆ ಆಂಗ್ಲಿಕನ್ ಚರ್ಚಿಗೆ ಸೇರದ ಒಂದು ಕ್ರೈಸ್ತ ಪಂಗಡದವನು, ಹೆಂಗಸರ ಒಳಕವಚ ಹೊಲಿಯುವವನು. ಇಂಥ 'ಉದಾರ' ಕಾಯ್ದೆಯ ಕೆಳಗೆ ಬದುಕುವುದು ಹೇಗಿರುತ್ತದೆಂದು ಮನೆಯಲ್ಲೇ ಕಂಡವನು ಬರೆದ ಮಾತು ಅದು.

ಜೆಫರ್ಸನ್, ಮ್ಯಾಡಿಸನ್ ಬಗ್ಗೆ ನೀವಂದದ್ದು ಸರಿ. ವರ್ಜೀನಿಯಾದ ಧಾರ್ಮಿಕ ಸ್ವಾತಂತ್ರ್ಯ ಕಾಯ್ದೆಯನ್ನು ಜೆಫರ್ಸನ್ 1777ರಲ್ಲಿ ಬರೆದ, ಮ್ಯಾಡಿಸನ್ 1786ರಲ್ಲಿ ಪಾಸು ಮಾಡಿಸಿದ. 1791ರ ಮೊದಲನೇ ತಿದ್ದುಪಡಿಯಲ್ಲೂ ಪೇನ್ ಕೈ ಇಲ್ಲ, 1787ರಲ್ಲೇ ಯುರೋಪಿಗೆ ಹೊರಟುಹೋಗಿದ್ದ. ಅದನ್ನು ಅವನ ಖಾತೆಗೆ ಹಾಕಬೇಡಿ. ಆದರೆ ಒಂದು ಕೊಂಡಿ ಗಮನಿಸಿ. 1793ರ ಡಿಸೆಂಬರ್ 28ರಂದು ಪ್ಯಾರಿಸ್‌ನಲ್ಲಿ ಬಂಧನವಾದಾಗ 'ಏಜ್ ಆಫ್ ರೀಸನ್' ಹಸ್ತಪ್ರತಿಯನ್ನು ಪೇನ್ ಕೊಟ್ಟದ್ದು ಅಮೆರಿಕದ ಕವಿ, ಗೆಳೆಯ ಜೋಯೆಲ್ ಬಾರ್ಲೊ ಕೈಗೆ. ಅಮೆರಿಕ ಸರ್ಕಾರ ಯಾವ ಅರ್ಥದಲ್ಲೂ ಕ್ರೈಸ್ತಧರ್ಮದ ಮೇಲೆ ನಿಂತದ್ದಲ್ಲ ಎಂಬ ಸಾಲು ಉತ್ತರ ಆಫ್ರಿಕಾದ ಟ್ರಿಪೊಲಿ ಜತೆ ಮಾಡಿಕೊಂಡು 1797ರಲ್ಲಿ ಸೆನೆಟ್ ಒಪ್ಪಿದ ಒಪ್ಪಂದದ 11ನೇ ಕಲಮಿನಲ್ಲಿದೆಯಲ್ಲ, ಆ ಇಂಗ್ಲಿಷ್ ಪಾಠ ಇದೇ ಬಾರ್ಲೊನದು.

ಹಳೇಸಂಪುಟ:

ಮೇಲಿನವರು ವಿಚಾರ ಹೇಳಿದರು. ಆ ವಿಚಾರ ಉಳಿದದ್ದು ಹೇಗೆ ಅನ್ನುವುದೂ ಅಷ್ಟೇ ಮುಖ್ಯ. ಅದರ ಹಿಂದೆ ಇದ್ದದ್ದು ಪುಸ್ತಕದ ಬೆಲೆ ಮತ್ತು ಕೋರ್ಟು.

'ಕಾಮನ್ ಸೆನ್ಸ್' 1776ರ ಜನವರಿ 10ರಂದು ಫಿಲಡೆಲ್ಫಿಯಾದಲ್ಲಿ ಲೇಖಕರ ಹೆಸರಿಲ್ಲದೆ ಬಂತು, ಬೆಲೆ 2 ಶಿಲಿಂಗ್. ಮುದ್ರಕ ರಾಬರ್ಟ್ ಬೆಲ್ ಜತೆ ಜಗಳವಾಗಿ ಪೇನ್ ಹಿಗ್ಗಿಸಿದ ಆವೃತ್ತಿಯನ್ನು ಬ್ರಾಡ್‌ಫರ್ಡ್‌ಗಳಿಗೆ ಕೊಟ್ಟ, ಅವರು 1 ಶಿಲಿಂಗಿಗೆ ಇಳಿಸಿದರು. 'ರೈಟ್ಸ್ ಆಫ್ ಮ್ಯಾನ್' ಮೊದಲ ಭಾಗಕ್ಕೆ 3 ಶಿಲಿಂಗ್ ಇತ್ತು. ಆಗ ಸರ್ಕಾರ ಮುಟ್ಟಲಿಲ್ಲ. ಎರಡನೇ ಭಾಗ ಬಂದದ್ದು 1792ರ ಫೆಬ್ರುವರಿಯಲ್ಲಿ. ಅಮೆರಿಕದಲ್ಲಿ ಸೋತು ಬಂದ ಕಾರ್ನ್‌ವಾಲಿಸ್ ನಮ್ಮ ಶ್ರೀರಂಗಪಟ್ಟಣದ ಮುಂದೆ ಬೀಡುಬಿಟ್ಟಿದ್ದ ತಿಂಗಳೇ ಅದು. ಬೇಗನೆ 6 ಪೆನ್ಸಿನ (12 ಪೆನ್ಸಿಗೆ ಒಂದು ಶಿಲಿಂಗ್) ಅಗ್ಗದ ಪ್ರತಿಗಳು ಊರೂರಿಗೆ ಹೊರಟವು. ಮೇ 21ಕ್ಕೆ ರಾಜದ್ರೋಹದ ಬರಹಗಳ ವಿರುದ್ಧ ಘೋಷಣೆ ಬಂತು, ಡಿಸೆಂಬರ್ 18ಕ್ಕೆ ಪೇನ್ ಗೈರುಹಾಜರಿಯಲ್ಲೇ ವಿಚಾರಣೆ, ಅಪರಾಧಿ ಎಂದು ತೀರ್ಪು. ಅಟಾರ್ನಿ ಜನರಲ್ ಮುಚ್ಚುಮರೆಯಿಲ್ಲದೆ ಹೇಳಿದ್ದನ್ನು ನೋಡಿ: ಮೊದಲ ಭಾಗ ವಿವೇಚನೆ ಇರುವವರ ಕೈಯಲ್ಲಷ್ಟೇ ಇರುತ್ತದೆಂದು ಬಿಟ್ಟಿದ್ದೆವು, ಎರಡನೆಯದನ್ನು ಕಂಡಕಂಡವರ ಕೈಗೆ ತುರುಕುತ್ತಿದ್ದಾರೆ, ಮಕ್ಕಳ ಮಿಠಾಯಿ ಪೊಟ್ಟಣವನ್ನೂ ಇದರ ಹಾಳೆಯಲ್ಲಿ ಕಟ್ಟುತ್ತಿದ್ದಾರೆ. ಮೂರು ಶಿಲಿಂಗ್ ಕೊಡಬಲ್ಲವರು ಓದಿದಾಗ ಇಲ್ಲದ ಭಯ ಆರು ಪೆನ್ಸಿಗೆ ಹುಟ್ಟಿತು.

'ಏಜ್ ಆಫ್ ರೀಸನ್' ಮಾರಿದವರ ಪಾಡು ಇನ್ನೂ ಕಷ್ಟ. 1797ರಲ್ಲಿ ಥಾಮಸ್ ವಿಲಿಯಮ್ಸ್ ಎಂಬ ಬಡ ಪುಸ್ತಕ ವ್ಯಾಪಾರಿ ಮೇಲೆ ಧರ್ಮನಿಂದೆಯ ಕೇಸು ಬಿತ್ತು. ಅವನ ವಿರುದ್ಧ ವಾದಿಸಿದ್ದು ಥಾಮಸ್ ಎರ್ಸ್ಕಿನ್, ಐದು ವರ್ಷ ಹಿಂದೆ ಪೇನ್ ಪರ ನಿಂತ ಅದೇ ವಕೀಲ. ರಾಜನ ಟೀಕೆಗೆ ರಕ್ಷಣೆ ಕೊಡಬಹುದು, ಬೈಬಲ್ ಟೀಕೆಗೆ ಸಲ್ಲದು ಎಂಬುದು ಆ ಕಾಲದ ಉದಾರವಾದಿಗಳ ಗೆರೆ. 1812ರಲ್ಲಿ ಡೇನಿಯಲ್ ಐಸಾಕ್ ಈಟನ್‌ಗೆ ಮೂರನೇ ಭಾಗ ಅಚ್ಚು ಹಾಕಿದ್ದಕ್ಕೆ 18 ತಿಂಗಳ ಜೈಲು. ಜತೆಗೆ ಕುತ್ತಿಗೆ ಕೈಗಳನ್ನು ಹಲಗೆಗೆ ಸಿಕ್ಕಿಸಿ ಬೀದಿಯಲ್ಲಿ ನಿಲ್ಲಿಸುವ ಶಿಕ್ಷೆ. ಸಾಮಾನ್ಯವಾಗಿ ಜನ ಕಲ್ಲು, ಕೊಳೆತ ತರಕಾರಿ ಎಸೆಯುತ್ತಿದ್ದರು. ಈಟನ್‌ಗೆ ಜೈಕಾರ ಹಾಕಿದರು.

ಇವರೆಲ್ಲರಿಗಿಂತ ಹಟವಾದಿ ಪ್ರಕಾಶಕ ರಿಚರ್ಡ್ ಕಾರ್ಲೈಲ್. 1819ರ ಅಕ್ಟೋಬರ್ ವಿಚಾರಣೆಯಲ್ಲಿ ತನ್ನ ಸಮರ್ಥನೆ ಎಂದು 'ಏಜ್ ಆಫ್ ರೀಸನ್' ಇಡೀ ಓದಿದ. ಕೋರ್ಟಿನಲ್ಲಿ ಓದಿದ್ದು ಕಲಾಪದ ವರದಿಯ ಭಾಗ, ವರದಿಯನ್ನು ಅಗ್ಗವಾಗಿ ಅಚ್ಚು ಹಾಕಬಹುದು ಎಂಬುದು ಲೆಕ್ಕಾಚಾರ. ಶಿಕ್ಷೆ 3 ವರ್ಷ, ದಂಡ 1,500 ಪೌಂಡ್. ದಂಡ ಕಟ್ಟದೆ ಆರು ವರ್ಷ ಡಾರ್ಚೆಸ್ಟರ್ ಜೈಲಿನಲ್ಲಿದ್ದ. ಹೆಂಡತಿ ಜೇನ್ ಅಂಗಡಿ ನಡೆಸಿ ಜೈಲಿಗೆ ಹೋದಳು, ನಂತರ ಕಾರ್ಲೈಲ್‌ನ ಸಹೋದರಿ ಮೇರಿ ಆನ್, ಆಮೇಲೆ ಬೇರೆ ಬೇರೆ ಊರುಗಳಿಂದ ಸ್ವಇಚ್ಛೆಯಿಂದ ಬಂದು ಗಲ್ಲಾದಲ್ಲಿ ಕೂತ ಹುಡುಗರು ಒಬ್ಬರ ಹಿಂದೊಬ್ಬರು. ಮಾರಿದವನು ಯಾರೆಂದು ಸಾಕ್ಷಿ ಹೇಳಲಾಗದಂತೆ ಅಂಗಡಿಯಲ್ಲಿ ಗಡಿಯಾರದಂತೆ ಮುಳ್ಳು ಇರುವ ಒಂದು ಫಲಕ ಕೂರಿಸಿದರು. ಗಿರಾಕಿ ಮುಳ್ಳನ್ನು ಬೇಕಾದ ಪುಸ್ತಕದ ಹೆಸರಿಗೆ ತಿರುಗಿಸಿ ಕಾಸು ಹಾಕಬೇಕು, ಗೋಡೆಯಾಚೆಯಿಂದ ಪುಸ್ತಕ ಬಂದು ಬೀಳುತ್ತದೆ. ಮಾರಿದ ಕೈ ಕಾಣುವುದಿಲ್ಲ.

ಕಾರ್ಲೈಲ್ ಬೆಳೆಸಿದ ಓದುಗರ ವಲಯದಿಂದಲೇ ಮುಂದಿನವರು ಬಂದರು. 1851ರಲ್ಲಿ ಜಾರ್ಜ್ ಜೇಕಬ್ ಹೋಲಿಯೋಕ್ 'ಸೆಕ್ಯುಲರಿಸಂ' ಪದ ಚಲಾವಣೆಗೆ ತಂದ, 1866ರಲ್ಲಿ ಚಾರ್ಲ್ಸ್ ಬ್ರಾಡ್ಲಾ ನ್ಯಾಷನಲ್ ಸೆಕ್ಯುಲರ್ ಸೊಸೈಟಿ ಕಟ್ಟಿದ. ಬ್ರಾಡ್ಲಾ 1880ರಲ್ಲಿ ನಾರ್ಥಾಂಪ್ಟನ್‌ನಿಂದ ಗೆದ್ದರೂ ದೇವರ ಹೆಸರಿನ ಪ್ರಮಾಣವಚನದ ತಕರಾರಿನಿಂದ 1886ರ ತನಕ ಸಂಸತ್ತಿನಲ್ಲಿ ನೆಮ್ಮದಿಯಾಗಿ ಕೂರಲಾಗಲಿಲ್ಲ. ದೇವರ ಹೆಸರಿಲ್ಲದ ದೃಢೀಕರಣ ಮಾಡಿದರೂ ಸಾಕು ಎಂಬ ಕಾಯ್ದೆ 1888ರಲ್ಲಿ ಬಂತು. ಇಂಗ್ಲೆಂಡಿನಲ್ಲಿ ಧರ್ಮನಿಂದೆಯ ಅಪರಾಧ ರದ್ದಾದದ್ದು 2008ರಲ್ಲಿ. ಸೆಕ್ಯುಲರ್ ವಾದದಲ್ಲಿ ಪೇನ್ ಪಾಲು ಹುಡುಕುವುದಾದರೆ ಕಾನೂನಿನ ಕರಡಿನಲ್ಲಿ ಹುಡುಕಬೇಡಿ, ಈ ಕೇಸುಗಳ ಸಾಲಿನಲ್ಲಿ ನೋಡಿ.

ಲೆಕ್ಕಪತ್ರ:

ಆಸ್ತಿ, ತೆರಿಗೆ ಬಗ್ಗೆ ಕೇಳಿದ್ದೀರಿ. ಪೇನ್‌ನ ರ‍್ಯಾಡಿಕಲ್‌ತನ ಪೂರ್ತಿ ಕಾಣುವುದು ಅಲ್ಲೇ. ಅವನು ಅಬಕಾರಿ ಇಲಾಖೆಯಲ್ಲಿ ವರ್ಷಕ್ಕೆ 50 ಪೌಂಡ್ ಸಂಬಳದ ನೌಕರನಾಗಿದ್ದವನು, ಅಂಕಿ ಇಲ್ಲದೆ ಮಾತಾಡುವುದಿಲ್ಲ.

'ರೈಟ್ಸ್ ಆಫ್ ಮ್ಯಾನ್' ಎರಡನೇ ಭಾಗದ 5ನೇ ಅಧ್ಯಾಯದಲ್ಲಿ ಬಡ ಕುಟುಂಬದ 14 ವರ್ಷದೊಳಗಿನ ಪ್ರತಿ ಮಗುವಿಗೆ ವರ್ಷಕ್ಕೆ 4 ಪೌಂಡ್, 50 ದಾಟಿದ ಬಡವರಿಗೆ 6, 60 ದಾಟಿದರೆ 10 ಪೌಂಡ್ ಎಂಬ ಯೋಜನೆ ಇದೆ. 1797ರ 'ಅಗ್ರೇರಿಯನ್ ಜಸ್ಟಿಸ್' ಇನ್ನೂ ಮುಂದೆ ಹೋಗುತ್ತದೆ. ಉಳದ ಭೂಮಿ ಮನುಷ್ಯರೆಲ್ಲರ ಸಾಮಾನ್ಯ ಸೊತ್ತು. ಉತ್ತು ಸುಧಾರಿಸಿದವನಿಗೆ ಸುಧಾರಣೆಯ ಮೌಲ್ಯ ಸಲ್ಲುತ್ತದೆ, ನೆಲ ಸಲ್ಲುವುದಿಲ್ಲ. ಆದ್ದರಿಂದ ಭೂಮಾಲೀಕರು ಸಮಾಜಕ್ಕೆ ನೆಲಬಾಡಿಗೆ ಕೊಡಬೇಕು. ಅದನ್ನು ವಸೂಲು ಮಾಡಲು ಸುಲಭದ ಹೊತ್ತು ಆಸ್ತಿ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ, ಅಂದರೆ ಮಾಲೀಕ ಸತ್ತಾಗ.

ಲೆಕ್ಕ ಹೀಗಿದೆ. ಇಂಗ್ಲೆಂಡಿನ ಒಟ್ಟು ಆಸ್ತಿ 130 ಕೋಟಿ ಪೌಂಡ್. ಒಂದು ತಲೆಮಾರು 30 ವರ್ಷವೆಂದರೆ ವರ್ಷಕ್ಕೆ ಮೂವತ್ತನೇ ಒಂದು ಪಾಲು, ಸುಮಾರು 4.33 ಕೋಟಿ, ಕೈ ಬದಲಾಗುತ್ತದೆ. ಅದರಲ್ಲಿ 3 ಕೋಟಿ ನೇರ ವಾರಸುದಾರರಿಗೆ, ಶೇ. 10ರಂತೆ 30 ಲಕ್ಷ. ಉಳಿದ 1.33 ಕೋಟಿ ದೂರದ ನೆಂಟರಿಗೆ, ಅವರಿಂದ ಇನ್ನೂ ಶೇ. 10 ಹೆಚ್ಚು, ಅಂದರೆ 26,66,666. ಒಟ್ಟು 56,66,666 ಪೌಂಡ್. ಜನಸಂಖ್ಯೆ 75 ಲಕ್ಷದಲ್ಲಿ 50 ದಾಟಿದವರು 4 ಲಕ್ಷ, ತಲಾ 10 ಪೌಂಡಿನಂತೆ 40 ಲಕ್ಷ ಖರ್ಚು. ವರ್ಷಕ್ಕೆ 21 ತುಂಬುವವರು 90,000, ತಲಾ 15 ಪೌಂಡಿನಂತೆ 13,50,000. ಮಿಕ್ಕ 3,16,666 ಕುರುಡರಿಗೆ, ಅಂಗವಿಕಲರಿಗೆ. ಕೂಡಿ ಕಳೆದು ನೋಡಿ, ತಾಳೆಯಾಗುತ್ತದೆ.

ಬಡವರೆಂದು ಅರ್ಜಿ ಹಾಕುವ ಅಗತ್ಯ ಈ ಯೋಜನೆಯಲ್ಲಿ ಇಲ್ಲ. ಹೆಣ್ಣು ಗಂಡು, ಬಡವ ಬಲ್ಲಿದ ಭೇದವಿಲ್ಲದೆ ಎಲ್ಲರಿಗೂ ದುಡ್ಡು. ಕಾರಣ ಅವನೇ ಕೊಡುತ್ತಾನೆ: ನಾನು ಕೇಳುತ್ತಿರುವುದು ದಾನವಲ್ಲ, ಹಕ್ಕು, ಔದಾರ್ಯವಲ್ಲ, ನ್ಯಾಯ. ಅಚ್ಚುಮೊಳೆಯವರು ಹೇಳಿದ ಸಹಿಷ್ಣುತೆಯ ಪ್ಯಾರಾ ಪಕ್ಕ ಇದನ್ನಿಡಿ, ವಾದ ಒಂದೇ. ಅಲ್ಲಿ ರಾಜ ದಯಪಾಲಿಸುವ ಧರ್ಮಸ್ವಾತಂತ್ರ್ಯ ಬೇಡ ಅನ್ನುತ್ತಾನೆ, ಇಲ್ಲಿ ಧನಿಕ ದಯಪಾಲಿಸುವ ಭಿಕ್ಷೆ ಬೇಡ ಅನ್ನುತ್ತಾನೆ. ಸೆಕ್ಯುಲರ್ ಪೇನ್ ಒಬ್ಬ, ರ‍್ಯಾಡಿಕಲ್ ಪೇನ್ ಇನ್ನೊಬ್ಬ ಎಂದು ಎರಡು ಅಧ್ಯಾಯ ಮಾಡಿದರೆ ಟಿಪ್ಪಣಿ ಕೆಡುತ್ತದೆ.

ಅವನು ಸಮತಾವಾದಿಯಲ್ಲ ಎಂಬುದನ್ನೂ ಸೇರಿಸಿ. ಖಾಸಗಿ ಆಸ್ತಿ ಉಳಿಯಬೇಕು, ಬಾಕಿ ಸಲ್ಲಬೇಕು, ಅಷ್ಟೇ. ಇಂಗ್ಲೆಂಡಿನ ಇನ್ನೊಬ್ಬ ಲೇಖಕ ಥಾಮಸ್ ಸ್ಪೆನ್ಸ್ ಅದೇ ವರ್ಷ ಇದನ್ನು ಟೀಕಿಸಿ, ಇಷ್ಟು ಸಾಲದು, ನೆಲವೇ ಆಯಾ ಊರಿನ ಪ್ಯಾರಿಷ್‌ಗೆ (ಸ್ಥಳೀಯ ಆಡಳಿತ ಘಟಕಕ್ಕೆ) ಸೇರಬೇಕು ಎಂದ. ಬ್ರಿಟನ್ನಿನಲ್ಲಿ ವೃದ್ಧಾಪ್ಯ ವೇತನದ ಕಾಯ್ದೆ ಬಂದದ್ದು 1908ರಲ್ಲಿ, 70 ದಾಟಿದ ಬಡವರಿಗೆ ವಾರಕ್ಕೆ 5 ಶಿಲಿಂಗ್, ವರ್ಷಕ್ಕೆ 13 ಪೌಂಡ್. ಪೇನ್ ಬರೆದು 111 ವರ್ಷವಾದ ಮೇಲೆ, ಅವನು ಕೇಳಿದ್ದಕ್ಕಿಂತ 20 ವರ್ಷ ತಡದ ವಯಸ್ಸಿಗೆ.

ಓದುಬಳಗ:

ಎಲ್ಲರಿಗೂ ಧನ್ಯವಾದ. ಒಂದು ಅನುಮಾನ. 'ಕಾಮನ್ ಸೆನ್ಸ್'ನಲ್ಲಿ ರಾಜತ್ವದ ವಿರುದ್ಧ ಪುಟಗಟ್ಟಲೆ ಬೈಬಲ್ ಉದ್ಧರಣೆ ಇದೆಯಲ್ಲ? ಮುಂದೆ ಅದೇ ಬೈಬಲನ್ನು ತಳ್ಳಿಹಾಕಿದ್ದು ದ್ವಂದ್ವವಲ್ಲವೇ?

ಅಚ್ಚುಮೊಳೆ:

ಇದೆ. ಗಿದ್ಯೋನ ಅರಸನಾಗಲು ಒಪ್ಪದ ಕಥೆ, 1 ಸಮುವೇಲ 8ರಲ್ಲಿ ಜನ ಅರಸ ಬೇಕೆಂದಾಗ ಪ್ರವಾದಿ ಕೊಡುವ ಎಚ್ಚರಿಕೆ. ಎದುರಾಳಿಗಳು ರಾಜನ ಅಧಿಕಾರಕ್ಕೆ ಬೈಬಲಿನ ಆಧಾರ ಕೊಡುತ್ತಿದ್ದರು, ನಿಮ್ಮ ಗ್ರಂಥವೇ ನಿಮ್ಮ ಪರ ಇಲ್ಲ ಎಂದು ಅವರ ನೆಲದಲ್ಲೇ ನಿಂತು ತೋರಿಸಿದ. 1776ರಲ್ಲಿ ಅವನ ಸ್ವಂತ ನಂಬಿಕೆ ಎಲ್ಲಿತ್ತೆಂಬುದರ ಬಗ್ಗೆ ವಾದಗಳಿವೆ. ಆದರೆ ಸರ್ಕಾರದ ವಿಷಯದಲ್ಲಿ ನಿಲುವು ಬದಲಾಗಿಲ್ಲ. ಆತ್ಮಸಾಕ್ಷಿಯಿಂದ ಧರ್ಮ ಪಾಲಿಸುವ ಎಲ್ಲರನ್ನೂ ಕಾಪಾಡುವುದು ಸರ್ಕಾರದ ಕರ್ತವ್ಯ, ಅದರಾಚೆ ಧರ್ಮದಲ್ಲಿ ಸರ್ಕಾರಕ್ಕೆ ಬೇರೆ ಕೆಲಸವಿಲ್ಲ ಎಂಬ ಮಾತು 'ಕಾಮನ್ ಸೆನ್ಸ್'ನಲ್ಲೇ ಇದೆ.

ಭೀಮಾತೀರ:

ಭಾರತದ ಕೊಂಡಿ ಬಗ್ಗೆ. ಪೇನ್ ಪುಸ್ತಕ ಇಲ್ಲಿಗೆ ಮೊದಲು ಬಂದದ್ದು ಪುಣೆಗಲ್ಲ, ಕಲ್ಕತ್ತೆಗೆ. 1830ರ ಸುಮಾರಿಗೆ ಹಿಂದೂ ಕಾಲೇಜಿನ ಡಿರೋಜಿಯೊ ಶಿಷ್ಯರ ನಡುವೆ 'ಏಜ್ ಆಫ್ ರೀಸನ್'ಗೆ ಎಷ್ಟು ಬೇಡಿಕೆ ಇತ್ತೆಂದರೆ, ಅಮೆರಿಕದಿಂದ ಬಂದ ಪ್ರತಿಗಳ ಬೆಲೆ ಒಂದು ರೂಪಾಯಿಯಿಂದ ಐದು ಪಟ್ಟು ಏರಿತೆಂದು ಮಿಷನರಿ ಅಲೆಕ್ಸಾಂಡರ್ ಡಫ್ ಬೇಸರದಿಂದ ಬರೆದಿದ್ದಾರೆ. ವಿರೋಧಿಯೇ ಕೊಟ್ಟ ಸಾಕ್ಷ್ಯ, ಅದಕ್ಕೇ ಬೆಲೆ ಹೆಚ್ಚು.

ಫುಲೆಯವರು 1847ರ ಸುಮಾರಿಗೆ, ಓದು ಮುಗಿಸುವ ಹೊತ್ತಿಗೆ, ಗೆಳೆಯರ ಜತೆ 'ರೈಟ್ಸ್ ಆಫ್ ಮ್ಯಾನ್' ಓದಿದರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಆದರೆ ಓದಿದರು ಎಂಬಲ್ಲಿಗೆ ನಿಲ್ಲಿಸಬೇಡಿ. ಅವರು ತೀರಿಕೊಂಡ ಮೇಲೆ 1891ರಲ್ಲಿ ಅಚ್ಚಾದ 'ಸಾರ್ವಜನಿಕ ಸತ್ಯಧರ್ಮ ಪುಸ್ತಕ' ತೆರೆದು ನೋಡಿ. ಅಲ್ಲಿ ದೇವರಿಗೆ 'ನಿರ್ಮಿಕ' ಎಂಬ ಹೆಸರಿದೆ, ಅಂದರೆ ನಿರ್ಮಿಸಿದವನು. ನಡುವೆ ಪುರೋಹಿತನಿಲ್ಲ, ಅಪೌರುಷೇಯ ಗ್ರಂಥವಿಲ್ಲ. ಪೇನ್‌ನ ಸೃಷ್ಟಿಕರ್ತನಿಗೆ ಇದು ತೀರ ಹತ್ತಿರ. ಅದೇ ಪುಸ್ತಕದಲ್ಲಿ ಒಂದು ಮನೆಯ ಚಿತ್ರ ಬರುತ್ತದೆ: ಹೆಂಡತಿ ಬೌದ್ಧಗ್ರಂಥ ಓದಿ ಬೌದ್ಧಳಾಗಬಹುದು, ಗಂಡ ಬೈಬಲ್ ಓದಿ ಕ್ರೈಸ್ತನಾಗಬಹುದು, ಮಗಳು ಕುರಾನ್ ಓದಿ ಮುಸ್ಲಿಮಳಾಗಬಹುದು, ಮಗ ಸತ್ಯಧರ್ಮ ಹಿಡಿಯಬಹುದು, ಎಲ್ಲರೂ ಒಂದೇ ಸೂರಿನಡಿ ಪ್ರೀತಿಯಿಂದ ಇರಬೇಕು. ಪೇನ್ ಧರ್ಮವನ್ನು ಸರ್ಕಾರದ ಹಿಡಿತದಿಂದ ಬಿಡಿಸಿದ. ಫುಲೆಯವರು ಅದನ್ನು ಮನೆಯ ಯಜಮಾನನ ಹಿಡಿತದಿಂದಲೂ ಬಿಡಿಸಿದರು. ಇಂಗ್ಲೆಂಡಿನಲ್ಲಿ ಚರ್ಚಿಗೆ ರಾಜನ ಬೆಂಬಲ ಬೇಕಿತ್ತು, ಇಲ್ಲಿ ಜಾತಿ ಸರ್ಕಾರದ ಬೆಂಬಲವಿಲ್ಲದೆಯೂ ಮನೆಯೊಳಗಿನ ಮದುವೆ, ತಿಥಿಗಳ ಮೂಲಕ ನಡೆಯುತ್ತಿತ್ತು. 1873ರ ಸೆಪ್ಟೆಂಬರ್ 24ರಂದು ಹುಟ್ಟಿದ ಸತ್ಯಶೋಧಕ ಸಮಾಜ ಪುರೋಹಿತರಿಲ್ಲದ ಮದುವೆ ಮಾಡಿಸಿದ್ದು ಅದಕ್ಕೇ. ಇದನ್ನು ಪೇನ್‌ನ ನಕಲು ಎಂದು ಬರೆದರೆ ಫುಲೆಯವರಿಗೆ ಅನ್ಯಾಯವಾಗುತ್ತದೆ.

ಮೇಲೆ ಹೆಸರು ಬಂದ ಬ್ರಾಡ್ಲಾ 1889ರಲ್ಲಿ ಮುಂಬಯಿ ಕಾಂಗ್ರೆಸ್ ಅಧಿವೇಶನಕ್ಕೆ ಬಂದಿದ್ದರು, ಬೇಕಿದ್ದರೆ ಸೇರಿಸಿಕೊಳ್ಳಿ. ವಚನಕಾರರ ಜತೆ ಹೋಲಿಕೆ ಮಾತ್ರ ಬೇಡ. ಕೇಳಲು ಹಿತ, ಆದರೆ ಎರಡರ ನಡುವೆ ಚಾರಿತ್ರಿಕ ನಂಟು ಇಲ್ಲ.

ಹಳೇಸಂಪುಟ:

ಟಿಪ್ಪಣಿಯಲ್ಲಿ ಎಡವುವ ಜಾಗಗಳನ್ನು ಹೇಳಿಬಿಡುತ್ತೇನೆ. 'ಕಾಮನ್ ಸೆನ್ಸ್' 5 ಲಕ್ಷ ಪ್ರತಿ ಮಾರಾಟವಾಯಿತು ಎಂದು ಎಲ್ಲೆಲ್ಲೂ ಇದೆ. ಪೇನ್ ಸ್ವತಃ ಹೇಳಿಕೊಂಡದ್ದೇ 3 ತಿಂಗಳಲ್ಲಿ 1,20,000, ಅದನ್ನೂ ಇತಿಹಾಸಕಾರರು ಹೆಚ್ಚಾಯಿತೆನ್ನುತ್ತಾರೆ. ಸಂಖ್ಯೆ ಬಿಟ್ಟು, ವಸಾಹತುಗಳ ಹಲವು ಊರುಗಳಲ್ಲಿ ಮರುಮುದ್ರಣವಾಯಿತು ಎಂದರೆ ಸಾಕು. ಕುಡುಕ, ಕೊಳಕ ಎಂಬ ಕಥೆಗಳ ಮೂಲ ಎರಡು ಹಗೆಯ ಜೀವನಚರಿತ್ರೆಗಳು: 1791ರಲ್ಲಿ ಸುಳ್ಳು ಹೆಸರಿನಲ್ಲಿ ಜಾರ್ಜ್ ಚಾಮರ್ಸ್ ಬರೆದದ್ದು, 1809ರಲ್ಲಿ ಜೇಮ್ಸ್ ಚೀತಮ್ ಬರೆದದ್ದು. ಸರ್ಕಾರದಿಂದ ದೇಶ ಕಾಪಾಡುವುದೇ ದೇಶಭಕ್ತನ ಕರ್ತವ್ಯ ಎಂದು ಪೇನ್ ಹೆಸರಲ್ಲಿ ಓಡಾಡುವ ಸಾಲು ಅವನ ಬರಹದಲ್ಲಿ ಇಲ್ಲ. ಜಗತ್ತೇ ನನ್ನ ದೇಶ, ಒಳಿತು ಮಾಡುವುದೇ ನನ್ನ ಧರ್ಮ ಎಂಬುದು ನಿಜ, 'ರೈಟ್ಸ್ ಆಫ್ ಮ್ಯಾನ್' ಎರಡನೇ ಭಾಗದ್ದು. ನಡುವೆ 'ಮನುಕುಲವೆಲ್ಲ ನನ್ನ ಬಂಧುಗಳು' ಎಂದು ತುರುಕಿದ್ದು ಬೇರೆಯವರು.

ಓದಲು ಮಾಂಕ್ಯೂರ್ ಕಾನ್ವೇ 1890ರ ದಶಕದಲ್ಲಿ ಸಂಪಾದಿಸಿದ ನಾಲ್ಕು ಸಂಪುಟ ಹಕ್ಕುಮುಕ್ತವಾಗಿ ಅಂತರ್ಜಾಲದಲ್ಲಿವೆ. ಪಠ್ಯ ಚೆನ್ನಾಗಿದೆ. ಆದರೆ ಆರಂಭದ ಪತ್ರಿಕಾ ಲೇಖನಗಳಲ್ಲಿ ಕೆಲವು ಪೇನ್‌ನದಲ್ಲ. ಹೆಂಗಸರ ಸ್ಥಿತಿಯ ಕುರಿತ 1775ರ ಪತ್ರ ಅಂಥದ್ದು, ಗುಲಾಮಗಿರಿ ಕುರಿತ ಅದೇ ವರ್ಷದ ಲೇಖನದ ಬಗ್ಗೆಯೂ ಈಗ ಸಂಶಯವಿದೆ. ಅವುಗಳ ಮೇಲೆ ವಾದ ಕಟ್ಟಬೇಡಿ. ಸಮಯ ಕಡಿಮೆಯಿದ್ದರೆ ಮೊದಲು 'ಅಗ್ರೇರಿಯನ್ ಜಸ್ಟಿಸ್' ಓದಿ, ಒಮ್ಮೆ ಕೂತರೆ ಮುಗಿಯುತ್ತದೆ. ಆಮೇಲೆ 'ರೈಟ್ಸ್ ಆಫ್ ಮ್ಯಾನ್' ಮೊದಲ ಭಾಗದ ಸಹಿಷ್ಣುತೆಯ ಪುಟಗಳು, ಎರಡನೇ ಭಾಗದ 5ನೇ ಅಧ್ಯಾಯ, ಕೊನೆಗೆ 'ಏಜ್ ಆಫ್ ರೀಸನ್' ಮೊದಲ ಭಾಗ. ಎರಡನೇ ಭಾಗಕ್ಕೆ ಕೈ ಹಾಕುವಾಗ ಪಕ್ಕದಲ್ಲಿ ಕನ್ನಡ ಬೈಬಲ್ ಇಟ್ಟುಕೊಂಡು ಅಧ್ಯಾಯ, ವಚನ ತಾಳೆ ನೋಡುತ್ತಾ ಹೋಗಿ.